ಜೇಬಿನೊಳಗಿನ ಸಾಕ್ಷಿ: ಕೋರ್ಟಿಗೆ ಸೈ, ಬೀದಿಗೆ ಬೇಡ!

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆಗೆ ಮುಪ್ಪು ಬಂದಿದೆ. ಇಂದಿನ ಜಗಳ ಉಂಡು ಮಲಗಿದ ಮೇಲೂ ಎಚ್ಚರವಾಗಿಯೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಆಡಿದ ಮಾತು ಬೆಳಗಾಗುವುದರೊಳಗೆ ಆಡಿದವರಿಗೇ ಮರೆತುಹೋಗಬಹುದು. ದಿಂಬಿನ ಪಕ್ಕದಲ್ಲಿದ್ದ ಫೋನು ಮಾತ್ರ ಮರೆಯುವುದಿಲ್ಲ. ಅದು ಮೂರು ವರ್ಷ ಬಿಟ್ಟು ಕುಟುಂಬ ನ್ಯಾಯಾಲಯದಲ್ಲಿ ಬಾಯಿ ಬಿಡುತ್ತದೆ. ಇಲ್ಲವೇ ಮೂರೇ ನಿಮಿಷದಲ್ಲಿ ನೆಂಟರಿಷ್ಟರ ವಾಟ್ಸಾಪ್ ಗುಂಪಿನಲ್ಲಿ ಬಾಯಿ ಬಿಡುತ್ತದೆ.

ಮೊದಲನೆಯದಕ್ಕೆ ಕಾನೂನಿನ ಒಪ್ಪಿಗೆ ಇದೆ. ಎರಡನೆಯದಕ್ಕೆ ಇಲ್ಲ. ಈ ಒಂದು ವ್ಯತ್ಯಾಸ ತಿಳಿಯದವರು ನ್ಯಾಯ ಕೇಳಲು ಹೋಗಿ ತಾವೇ ಕಟಕಟೆ ಹತ್ತುವ ಕಾಲ ಬಂದಿದೆ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಿಗ್ಗೆ ಬಸ್ಸು ಹತ್ತುವವರಲ್ಲಿ ಕೈಯಲ್ಲಿ ಫೋನಿಲ್ಲದವರನ್ನು ದೀಪ ಹಚ್ಚಿ ಹುಡುಕಬೇಕು. ಅದೇ ಟಪಾಲು ಪೆಟ್ಟಿಗೆ, ಅದೇ ಟೇಪ್ ರೆಕಾರ್ಡರು, ಅದೇ ಮದುವೆ ಆಲ್ಬಂ, ಅದೇ ಸಿನಿಮಾ ಟಾಕೀಸು. ಹಿಂದೆ ಇವೆಲ್ಲ ಬೇರೆ ಬೇರೆ ಇದ್ದವು, ಒಂದೊಂದಕ್ಕೆ ಒಂದೊಂದು ಕಾನೂನಿತ್ತು. ಈಗ ಎಲ್ಲವೂ ಅಂಗೈ ಅಗಲದ ಡಬ್ಬಿಯಲ್ಲಿ ಸೇರಿಕೊಂಡಿವೆ. ಫೋನಿಗೆ ದುಡ್ಡು ಕೊಟ್ಟವರು ನೀವೇ ಇರಬಹುದು. ಆದರೆ ಅದರೊಳಗಿರುವುದೆಲ್ಲ ನಿಮ್ಮದಲ್ಲ. ಹೆಂಡತಿಯ ಮಾತು ಹೆಂಡತಿಯದು, ಗಾಯಕನ ಹಾಡು ಗಾಯಕನದೂ ಕಂಪನಿಯದೂ. ವಿಚ್ಛೇದನದ ಕಾನೂನಿಗೂ ಕಾಪಿರೈಟ್ ಕಾನೂನಿಗೂ ಬೆಟ್ಟದ ನೆಲ್ಲಿಕಾಯಿ, ಸಮುದ್ರದ ಉಪ್ಪಿನ ಸಂಬಂಧ ಎಂದುಕೊಂಡವರಿಗೆ ಎರಡೂ ಒಂದೇ ಭರಣಿಯಲ್ಲಿ ಸಿಗುತ್ತಿರುವುದು ಹೀಗೆ.

ಸುಪ್ರೀಂ ಕೋರ್ಟು ಹೇಳಿದ್ದೇನು?

2025ರ ಜುಲೈ 14ರಂದು ಸುಪ್ರೀಂ ಕೋರ್ಟು ಒಂದು ಮುಖ್ಯ ತೀರ್ಪು ಕೊಟ್ಟಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ. ಇಬ್ಬರೂ ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರೇ. ಪ್ರಕರಣ ಪಂಜಾಬಿನ ಬಠಿಂಡಾದ್ದು. ಹೆಂಡತಿಯ ಜೊತೆ ಫೋನಿನಲ್ಲಿ ಆಡಿದ ಮಾತನ್ನು ಗಂಡ ಆಕೆಗೆ ತಿಳಿಯದಂತೆ ರೆಕಾರ್ಡು ಮಾಡಿಟ್ಟು, ವಿಚ್ಛೇದನದ ಕೇಸಿನಲ್ಲಿ ತಂದು ಹಾಜರುಪಡಿಸಿದ್ದ. ಕುಟುಂಬ ನ್ಯಾಯಾಲಯ 2020ರಲ್ಲಿ ತಗೊಳ್ಳಬಹುದು ಎಂದಿತು. 2021ರಲ್ಲಿ ಪಂಜಾಬ್-ಹರಿಯಾಣ ಹೈಕೋರ್ಟು, ಇದು ಹೆಂಡತಿಯ ಖಾಸಗಿತನಕ್ಕೆ ಧಕ್ಕೆ, ತಗೊಳ್ಳಕೂಡದು ಎಂದಿತು. ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನು ತಳ್ಳಿಹಾಕಿ, ತಗೊಳ್ಳಬಹುದು ಎಂದೇ ತೀರ್ಮಾನಿಸಿತು.

ಕಾರಣ ಸರಳ. 1872ರ ಸಾಕ್ಷ್ಯ ಕಾಯ್ದೆಯ 122ನೇ ಕಲಮು ಗಂಡ ಹೆಂಡಿರ ನಡುವಿನ ಮಾತಿಗೆ ರಕ್ಷಣೆ ಕೊಟ್ಟಿತ್ತು. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಅದನ್ನು ಬಹಿರಂಗ ಮಾಡುವಂತಿರಲಿಲ್ಲ. ಆದರೆ ಅದೇ ಕಲಮಿನ ಬಾಲದಲ್ಲಿ ಒಂದು ವಿನಾಯಿತಿಯೂ ಇತ್ತು: ಅವರಿಬ್ಬರೇ ಪರಸ್ಪರ ಕೇಸು ಹೂಡಿಕೊಂಡಿದ್ದರೆ ಆ ರಕ್ಷಣೆ ಇಲ್ಲ. ಸುಪ್ರೀಂ ಕೋರ್ಟು ಹಿಡಿದದ್ದು ಆ ಬಾಲವನ್ನು. ಇದಕ್ಕೆ ಅವಕಾಶ ಕೊಟ್ಟರೆ ಮನೆ ಮನೆಯಲ್ಲೂ ಗೂಢಚಾರಿಕೆ ಶುರುವಾಗುತ್ತದೆ ಎಂಬ ವಾದವೂ ಬಂತು. ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತಕ್ಕೆ ಬಂದಿದ್ದಾರೆ ಅಂದರೆ ಆ ಸಂಸಾರದಲ್ಲಿ ನಂಬಿಕೆ ಆಗಲೇ ಸತ್ತಿದೆ ಎಂಬ ಅರ್ಥದ ಉತ್ತರ ಪೀಠದಿಂದ ಬಂತು. 2024ರ ಜುಲೈ 1ರಿಂದ ಹಳೇ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೇ 122 ಅಲ್ಲಿ 128 ಆಗಿದೆ. ಅಂಗಡಿಯ ಬೋರ್ಡು ಬದಲಾಗಿದೆ, ಒಳಗಿನ ಸಾಮಾನು ಅದೇ.

ಇದನ್ನು ಕೇಳಿ ನಾಳೆಯಿಂದಲೇ ರೆಕಾರ್ಡಿಂಗ್ ಗುಂಡಿ ಒತ್ತಲು ಹೊರಟವರು ಸ್ವಲ್ಪ ತಡೆಯಬೇಕು. ರೆಕಾರ್ಡು ಒಳಗೆ ಬರಬಹುದು ಅಂದಿದ್ದಾರೆಯೇ ಹೊರತು, ರೆಕಾರ್ಡು ಹೇಳಿದ್ದೆಲ್ಲ ನಿಜ ಅಂದಿಲ್ಲ. 1972ರಲ್ಲಿ ಮಲ್ಕಾನಿ ಪ್ರಕರಣದಲ್ಲಿ ಟೇಪ್ ರೆಕಾರ್ಡರಿನ ಸಾಕ್ಷ್ಯವನ್ನು ಒಪ್ಪುವಾಗಲೇ ಸುಪ್ರೀಂ ಕೋರ್ಟು ಷರತ್ತು ಹಾಕಿತ್ತು. ಮಾತು ಕೇಸಿಗೆ ಸಂಬಂಧಪಟ್ಟಿರಬೇಕು, ದನಿ ಇಂಥವರದೇ ಎಂದು ಗುರುತು ಸಿಗಬೇಕು, ಟೇಪಿಗೆ ಕತ್ತರಿ ಬಿದ್ದಿರಬಾರದು. ಒಂದು ಗಂಟೆಯ ಜಗಳದಲ್ಲಿ ತಾನು ಬೈದದ್ದನ್ನು ಅಳಿಸಿ, ಹೆಂಡತಿ ತಿರುಗಿ ಬೈದದ್ದನ್ನು ಮಾತ್ರ ಉಳಿಸಿಕೊಂಡು ಹೋಗುವ ಜಾಣ ಗಂಡನಿಗೆ ಆ ಕತ್ತರಿಯೇ ಉರುಳಾಗುತ್ತದೆ.

ಇನ್ನೊಂದು ಮಾತು. ಬಠಿಂಡಾದ ಗಂಡ ರೆಕಾರ್ಡು ಮಾಡಿದ್ದು ತಾನೂ ಪಾಲುಗೊಂಡ ಮಾತುಕತೆಯನ್ನು. ಹೆಂಡತಿಯ ಫೋನಿಗೆ ಕದ್ದು ಗೂಢಚಾರಿ ಆ್ಯಪ್ ಹಾಕುವುದು, ಗಂಡನ ಪಾಸ್‌ವರ್ಡ್ ಮುರಿದು ಒಳಗೆ ನುಗ್ಗುವುದು ಬೇರೆಯೇ ಸಂಗತಿ. ಒಡೆಯರ ಅನುಮತಿ ಇಲ್ಲದೆ ಹಾಗೆ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಕಾದಿವೆ. ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ತಾಳಿ ಕಟ್ಟಿದ ಮಾತ್ರಕ್ಕೆ ಫೋನಿನ ಬೀಗದ ಕೈ ಸಿಕ್ಕಿದಂತಲ್ಲ.

ಹೈಕೋರ್ಟು ಹಾಕಿದ ಬೇಲಿ

ಈ ಬೇಲಿಯನ್ನು ಕರ್ನಾಟಕ ಹೈಕೋರ್ಟು ಮೊದಲೇ ಹಾಕಿದೆ. ಹೆಂಡತಿಗೆ ಇನ್ನೊಬ್ಬನ ಸಂಗವಿದೆ, ಆ ಇನ್ನೊಬ್ಬನ ಮೊಬೈಲ್ ಟವರ್ ವಿವರ ತರಿಸಿ ಎಂದು ಗಂಡನೊಬ್ಬ ಕೇಳಿದ್ದ, ಕುಟುಂಬ ನ್ಯಾಯಾಲಯ ಒಪ್ಪಿತ್ತು. 2022ರ ಕೊನೆಗೆ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಆದೇಶ ರದ್ದು ಮಾಡಿದರು. ಗಂಡ ಹೆಂಡಿರ ವ್ಯಾಜ್ಯದಲ್ಲಿ ಪಕ್ಷಗಾರನೇ ಅಲ್ಲದ ಮೂರನೆಯವನ ಖಾಸಗಿತನವನ್ನು ಬಲಿ ಕೊಡುವ ಹಾಗಿಲ್ಲ ಎಂಬುದು ಆ ತೀರ್ಪಿನ ಸಾರ.

2023ರಲ್ಲಿ ಇನ್ನೊಂದು. ಬಿಟ್ಟುಹೋದ ಗಂಡ ಎಲ್ಲಿದ್ದಾನೆ ತಿಳಿಯಲು ಹೆಂಡತಿ ಅವನ ಆಧಾರ್ ವಿವರ ಕೇಳಿದಳು, ಜೀವನಾಂಶ ವಸೂಲಾಗಬೇಕಲ್ಲ! ಮದುವೆಯಾದ ಮಾತ್ರಕ್ಕೆ ಒಬ್ಬರ ಆಧಾರ್ ವಿವರ ಇನ್ನೊಬ್ಬರ ಕೈಗೆ ತಾನಾಗಿ ಬರುವುದಿಲ್ಲ, ಆಧಾರ್ ಯಾರದೋ ಅವರ ಮಾತನ್ನೂ ಕೇಳಬೇಕು ಎಂದಿತು ವಿಭಾಗೀಯ ಪೀಠ. ಕಾನೂನು ಸರಿಯೇ. ಆದರೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಜೀವನಾಂಶಕ್ಕೆ ಅಲೆಯುವ ಹೆಣ್ಣಿನ ಹೊಟ್ಟೆಗೆ ಈ ಸರಿಯಿಂದ ಏನು ಬಿತ್ತು? ಖಾಸಗಿತನ ಎಂಬ ಕೊಡೆ ತಪ್ಪು ಮಾಡಿ ಓಡಿಹೋದವನಿಗೂ ನೆರಳು ಕೊಡುತ್ತದೆ.

ಫೋನು ಯಾರ ಕೈಯಲ್ಲಿ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಸುಪ್ರೀಂ ಕೋರ್ಟಿನ ಬಾಗಿಲು ಗಂಡನಿಗೂ ಹೆಂಡತಿಗೂ ಸಮನಾಗಿ ತೆರೆದಿದೆ ನಿಜ. ಆದರೆ ಮನೆಯೊಳಗೆ ಫೋನು ಸಮನಾಗಿದೆಯೇ? ಸಿಮ್ಮು ಗಂಡನ ಹೆಸರಿನಲ್ಲಿ, ರೀಚಾರ್ಜು ಗಂಡನ ದುಡ್ಡಿನಲ್ಲಿ, ಪಾಸ್‌ವರ್ಡು ಅತ್ತೆ ಮಾವನಿಗೂ ಗೊತ್ತಿರುವ ಮನೆಗಳು ಶಿವಮೊಗ್ಗದ ಬಡಾವಣೆಗಳಲ್ಲೂ ಇವೆ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ಗಳಲ್ಲೂ ಇವೆ. "ರೀ, ಫೋನು ಕೊಡ್ರಿ, ಅಮ್ಮನ ಹತ್ರ ಮಾತಾಡ್ಬೇಕು" ಎಂದು ಕೇಳಿ ಪಡೆಯುವ ಹೆಂಡತಿ ಯಾವ ರೆಕಾರ್ಡು ಇಟ್ಟಾಳು? ಅವಳು ತಿಂದ ಪೆಟ್ಟಿಗೆ ಫೈಲು ಇಲ್ಲ, ಅವಳು ಸಿಟ್ಟಿನಲ್ಲಿ ಕೂಗಿದ್ದಕ್ಕೆ ಇದೆ. ತಕ್ಕಡಿ ನೆಟ್ಟಗೇ ಇದೆ, ಬೊಟ್ಟು ಮಾತ್ರ ಒಬ್ಬರ ಕೈಯಲ್ಲಿದೆ.

ಅದರ ಮೇಲೆ ಸರ್ಟಿಫಿಕೇಟಿನ ಕಾಟ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಫೋನಿನಿಂದ ತೆಗೆದ ಸಾಕ್ಷ್ಯದ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದು ಭಾಗಕ್ಕೆ ಸಾಕ್ಷ್ಯ ತಂದವರ ಸಹಿ, ಇನ್ನೊಂದಕ್ಕೆ ಪರಿಣತರ ಸಹಿ. ಜೊತೆಗೆ 'ಹ್ಯಾಷ್' ಎಂಬ ಸಂಖ್ಯೆ. ಇದು ಫೈಲಿನ ಹೆಬ್ಬೆಟ್ಟು ಗುರುತು ಇದ್ದ ಹಾಗೆ. ಒಳಗಿನ ಒಂದು ಚುಕ್ಕೆ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಕುಟುಂಬ ನ್ಯಾಯಾಲಯಕ್ಕೆ 1984ರ ಕಾಯ್ದೆಯ 14ನೇ ಕಲಮು ಸಾಕ್ಷ್ಯದ ನಿಯಮದಲ್ಲಿ ಸಾಕಷ್ಟು ಸಡಿಲಿಕೆ ಕೊಟ್ಟಿದೆ. ಆದರೂ ಎದುರು ಪಕ್ಷದ ವಕೀಲರು ಎದ್ದು ನಿಂತು ಮೊದಲು ಕೇಳುವುದು ಈ ಪ್ರಮಾಣಪತ್ರವನ್ನೇ. ಪರಿಣತರನ್ನು ಹುಡುಕಿ ಫೀಸು ಕಟ್ಟುವ ಶಕ್ತಿ ದುಡ್ಡಿದ್ದವರಿಗೆ ಇದೆ. ಬೀಡಿ ಕಟ್ಟುವವಳಿಗೆ, ಅಂಗಡಿಯಲ್ಲಿ ದಿನಗೂಲಿಗೆ ನಿಂತವಳಿಗೆ ಇದೆಯೇ?

ಹಾಡಿನ ಒಡೆಯ ಯಾರು?

ಈಗ ಫೋನಿನ ಇನ್ನೊಂದು ಮಗ್ಗುಲಿಗೆ ಬರೋಣ. ಈ ಊರಿಗೆ ಹಾಡೂ ಹೊಸದಲ್ಲ, ಕಾನೂನೂ ಹೊಸದಲ್ಲ. ಕಪ್ಪು ಕೋಟು ಹಾಕಿ ವಕೀಲಿಕೆ ಮಾಡುತ್ತಲೇ ನಾಡಿಗೆಲ್ಲ ಹಾಡಿದ ಶಿವಮೊಗ್ಗ ಸುಬ್ಬಣ್ಣ 2022ರ ಆಗಸ್ಟ್‌ನಲ್ಲಿ ತೀರಿಕೊಂಡರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು. ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಯನ್ನು ಮನೆ ಮನೆಗೆ ಮುಟ್ಟಿಸಿತು. ಆ ಕಾಲದಲ್ಲಿ ಖಾಲಿ ಕ್ಯಾಸೆಟ್ಟು ಕೊಟ್ಟು ಬೇಕಾದ ಹಾಡು ತುಂಬಿಸಿಕೊಂಡು ಬರುತ್ತಿದ್ದರು. ಅದು ಕಾಪಿರೈಟ್ ಕಳ್ಳತನ ಅಂತ ತುಂಬಿಸಿಕೊಂಡವರಿಗೂ ಅನಿಸಿರಲಿಲ್ಲ, ತುಂಬಿಸಿಕೊಟ್ಟವರಿಗೂ ಅನಿಸಿರಲಿಲ್ಲ. ಹಿಡಿಯುವವರು ಯಾರು?

ಈಗ ಹಿಡಿಯುವವರು ಇದ್ದಾರೆ. ಯಂತ್ರವೇ ಹಿಡಿಯುತ್ತದೆ. ಮಗಳ ಮದುವೆ ವಿಡಿಯೋಗೆ ಸಿನಿಮಾ ಹಾಡು ಹಾಕಿ ಯೂಟ್ಯೂಬಿಗೆ ಏರಿಸಿ ನೋಡಿ, ಎಷ್ಟೋ ಸಲ ದನಿಯೇ ಮಾಯ! "ಮದುವೆ ಮನೆಯಲ್ಲಿ ಇದೇ ಹಾಡು ಹಾಕಿದ್ವಿ, ಯಾರೂ ಕೇಳ್ಲಿಲ್ಲ, ಇಲ್ಯಾಕೆ?" ಎಂದು ಕೇಳುವವರಿಗೆ ಉತ್ತರ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿದೆ. ಧಾರ್ಮಿಕ ಸಮಾರಂಭ, ಮದುವೆ ಮೆರವಣಿಗೆ, ಮದುವೆಗೆ ಸೇರಿದ ಇತರ ಸಂಭ್ರಮಗಳಲ್ಲಿ ಹಾಡು ಹಾಕಿದರೆ ಉಲ್ಲಂಘನೆ ಅಲ್ಲ. ಕಲ್ಯಾಣ ಮಂಟಪಗಳಿಗೆ ಬಂದು ಹಾಡಿನ ಫೀಸು ಕೇಳುವ ಹಾವಳಿ ಹೆಚ್ಚಿದಾಗ ಕೇಂದ್ರ ಸರ್ಕಾರ 2023ರ ಜುಲೈ 24ರಂದು ಪ್ರಕಟಣೆ ಹೊರಡಿಸಿ ಇದನ್ನೇ ಮತ್ತೆ ಸ್ಪಷ್ಟಪಡಿಸಿತು. ಆದರೆ ಆ ವಿನಾಯಿತಿ ಚಪ್ಪರದ ಕೆಳಗೆ ಮಾತ್ರ. ಅದೇ ಹಾಡು ಇಂಟರ್‌ನೆಟ್ಟಿಗೆ ಏರಿದರೆ ಚಪ್ಪರ ದಾಟಿದ ಹಾಗೆ.

ಗಾಂಧಿ ಬಜಾರಿನಲ್ಲಿ ಗಿರಾಕಿಗಳಿಗೆ ಕೇಳಲಿ ಅಂತ ದಿನವಿಡೀ ಹಾಡು ಹಾಕುವ ಅಂಗಡಿಯವರಿಗೂ, ಪ್ರಯಾಣಿಕರಿಗೆ ಬೇಸರವಾಗದಿರಲಿ ಅಂತ ಹಾಡು ಹಾಕುವ ಬಸ್ಸಿನವರಿಗೂ ಈ ಚಪ್ಪರದ ನೆರಳಿಲ್ಲ. ಅದು ಸಾರ್ವಜನಿಕ ಬಳಕೆ, ಲೈಸೆನ್ಸು ಬೇಕು. ಹಾಗಂತ ಕೋಟು ಹಾಕಿಕೊಂಡು ಬಂದವರಿಗೆಲ್ಲ ಗಲ್ಲಾಪೆಟ್ಟಿಗೆ ತೆಗೆಯಬೇಕಿಲ್ಲ. ನೀವು ಯಾರ ಪರ, ಯಾವ ಯಾವ ಹಾಡಿನ ಹಕ್ಕು ನಿಮ್ಮದು, ಅಧಿಕಾರಪತ್ರ ಎಲ್ಲಿ, ರಸೀದಿ ಎಲ್ಲಿ ಎಂದು ಕೇಳುವ ಹಕ್ಕು ಅಂಗಡಿಯವರಿಗೆ ಇದ್ದೇ ಇದೆ.

ದೊಡ್ಡವರೂ ಈ ಗುಂಡಿಗೆ ಬಿದ್ದಿದ್ದಾರೆ. 2022ರ ನವೆಂಬರಿನಲ್ಲಿ 'ಕೆಜಿಎಫ್-2' ಹಾಡನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ಕೋರ್ಟಿಗೆ ಹೋಯಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತು. ಮರುದಿನವೇ ಹೈಕೋರ್ಟು, ವಿಡಿಯೋ ತೆಗೆಯಿರಿ ಎಂಬ ಷರತ್ತಿನ ಮೇಲೆ ಅದನ್ನು ಬದಿಗಿಟ್ಟಿತು. 2024ರಲ್ಲಿ ರಕ್ಷಿತ್ ಶೆಟ್ಟಿಯವರ ಸಂಸ್ಥೆಯ 'ಬ್ಯಾಚುಲರ್ ಪಾರ್ಟಿ' ಚಿತ್ರದಲ್ಲಿ ಎರಡು ಹಳೇ ಹಾಡು ಬಳಸಿದ ತಕರಾರಿನಲ್ಲಿ ದಿಲ್ಲಿ ಹೈಕೋರ್ಟು 20 ಲಕ್ಷ ರೂಪಾಯಿ ಠೇವಣಿ ಇಡಲು ಹೇಳಿತು. ಆ ಹಾಡುಗಳು ಬಂದ ಹಳೇ ಚಿತ್ರಗಳ ಹೆಸರು ಕೇಳಿ: 1981ರ 'ಗಾಳಿಮಾತು', 1982ರ 'ನ್ಯಾಯ ಎಲ್ಲಿದೆ'. ವಿಚ್ಛೇದನದ ಕೇಸಿಗೂ ಸರಿಹೋಗುವ ಹೆಸರುಗಳೇ!

ಮದುವೆ ವಿಡಿಯೋ ಯಾರದು?

ಎರಡೂ ಕಾನೂನು ಮುಖಾಮುಖಿಯಾಗುವ ಜಾಗ ಮದುವೆ ಆಲ್ಬಂ. ಮದುವೆ ಮುರಿಯಿತು, ವಿಡಿಯೋ ಯಾರಿಗೆ ಸೇರಬೇಕು? ಗಂಡನಿಗೂ ಅಲ್ಲ, ಹೆಂಡತಿಗೂ ಅಲ್ಲ, ಸ್ಟುಡಿಯೋದವರಿಗೂ ಅಲ್ಲ! ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಫೋಟೋ, ವಿಡಿಯೋ ತೆಗೆಸಿದವರು ಯಾರೋ ಅವರೇ ಮೊದಲ ಒಡೆಯರು, ಬೇರೆ ಕರಾರು ಇಲ್ಲದಿದ್ದರೆ. ಇಲ್ಲಿನ ಮದುವೆಗಳಲ್ಲಿ ಸ್ಟುಡಿಯೋ ಬಿಲ್ಲು ಬಹಳಷ್ಟು ಸಲ ಕಟ್ಟುವವರು ಹೆಣ್ಣಿನ ಅಪ್ಪ. ಸಾಲ ಮಾಡಿ ಮದುವೆ ಮಾಡಿಕೊಟ್ಟ ಅಪ್ಪನಿಗೆ, ಮುರಿದ ಮದುವೆಯಲ್ಲಿ ಕಾನೂನು ಉಳಿಸಿಕೊಟ್ಟ ಆಸ್ತಿ ಅದೊಂದೇ ಅನ್ನಬೇಕು. ಆದ್ದರಿಂದ ಕೇಳದೆಯೇ ಮದುಮಗಳ ಚಿತ್ರವನ್ನು ಜಾಹೀರಾತಿಗೆ ಇನ್‌ಸ್ಟಾಗ್ರಾಂನಲ್ಲಿ ಹಾಕುವ ಸ್ಟುಡಿಯೋದವರು ಮೊದಲು ಬಿಲ್ಲಿನ ಮೇಲೆ ಒಪ್ಪಿಗೆ ಬರೆಸಿಕೊಳ್ಳುವುದು ಒಳ್ಳೆಯದು.

ಒಂದು ಕಾಗದ, ಇಬ್ಬರು ಒಡೆಯರು

ಭದ್ರಾವತಿಯ ಕಾಗದದ ಕಾರ್ಖಾನೆ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಅಷ್ಟರಲ್ಲಿ ಗಂಡ ಹೆಂಡಿರು ಕಾಗದ ಬರೆಯುವುದೂ ನಿಂತಿತ್ತು. ಆದರೆ ಕಾಗದದ ಕಾಲದ ಒಂದು ಹಳೇ ನ್ಯಾಯ ಇವತ್ತಿಗೂ ಬಾಳುತ್ತದೆ. ಗಂಡ ಬರೆದ ಪತ್ರ ಹೆಂಡತಿಯ ಪೆಟ್ಟಿಗೆಯಲ್ಲಿದ್ದರೆ, ಕಾಗದ ಅವಳದು, ಅದರ ಮೇಲಿನ ಬರವಣಿಗೆಯ ಹಕ್ಕು ಅವನದು. ಅವಳು ಇಟ್ಟುಕೊಳ್ಳಬಹುದು, ಅಚ್ಚು ಹಾಕಿಸುವಂತಿಲ್ಲ. ಆದರೆ ಕೋರ್ಟಿಗೆ? ಅದೇ 52ನೇ ಕಲಮು ಹೇಳುತ್ತದೆ: ನ್ಯಾಯಾಲಯದ ಕಲಾಪಕ್ಕಾಗಿ ಯಾವ ಕೃತಿಯ ಪ್ರತಿ ತೆಗೆದರೂ ಉಲ್ಲಂಘನೆ ಅಲ್ಲ.

ನೋಡಿ, ಎರಡು ಕಾನೂನೂ ಗೆರೆ ಎಳೆದದ್ದು ಒಂದೇ ಜಾಗದಲ್ಲಿ. ಇನ್ನೊಬ್ಬರ ಮಾತು, ಇನ್ನೊಬ್ಬರ ಅಕ್ಷರ ನಿಮ್ಮ ಕೈಯಲ್ಲಿದ್ದರೆ ನ್ಯಾಯಾಧೀಶರ ಮುಂದೆ ಇಡಬಹುದು. ಜನರ ಮುಂದೆ ಚೆಲ್ಲುವಂತಿಲ್ಲ. ಕುಟುಂಬ ನ್ಯಾಯಾಲಯದಲ್ಲಿ ಒಬ್ಬರು ಕೇಳಿದರೂ ಬಾಗಿಲು ಹಾಕಿ ವಿಚಾರಣೆ ನಡೆಸಬೇಕು ಎಂಬ ನಿಯಮ ಇರುವುದು ಇದಕ್ಕೇ. ಸಂಸಾರ ಒಡೆದರೂ ಮರ್ಯಾದೆ ಒಡೆಯಬಾರದು ಅಂತ.

ಗೆರೆ ಇದೆ, ಕಾವಲು ಎಲ್ಲಿ? 1955ರ ಹಿಂದೂ ವಿವಾಹ ಕಾಯ್ದೆಯ 22ನೇ ಕಲಮು ಇಂಥ ಕೇಸಿನ ವಿಷಯ ಮುದ್ರಿಸುವುದು, ಪ್ರಕಟಿಸುವುದು ತಪ್ಪು ಎನ್ನುತ್ತದೆ. ದಂಡ ಎಷ್ಟು? ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅದು ಹೊರೆಯಾಗಿತ್ತು. ಈಗ ಒಂದು ವಾಟ್ಸಾಪ್ ಗುಂಪಿನಲ್ಲಿ 1,024 ಜನ ಇರಬಹುದು. ಹೆಂಡತಿ ಅತ್ತ ದನಿಯನ್ನು ಅಷ್ಟೂ ಜನರಿಗೆ ಹಂಚಿದರೆ ತಲೆಗೆ ಒಂದು ರೂಪಾಯಿಯೂ ಬೀಳುವುದಿಲ್ಲ! ಅರ್ಧ ಟೀ ಕೂಡ ಬಾರದ ಬೆಲೆಗೆ ಮಾನ ಹರಾಜು. ಅಶ್ಲೀಲ ಚಿತ್ರವಾದರೆ ಐಟಿ ಕಾಯ್ದೆಯ ಜೈಲು ಶಿಕ್ಷೆ ಇದೆ, ಸರಿ. ಬರೀ ಮಾತಾದರೆ? ಇನ್ನೊಂದು ಕಡೆ ಸಿನಿಮಾ ಹಾಡು ಕದ್ದು ಮಾರಿದವನಿಗೆ ಕಾಪಿರೈಟ್ ಕಾಯ್ದೆಯ 63ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ. ಕಂಪನಿಯ ಹಾಡಿಗೆ ಇಷ್ಟು ಕಾವಲು, ಮನೆ ಹೆಣ್ಣಿನ ಅಳುವಿಗೆ ಸಾವಿರ ರೂಪಾಯಿ. ಇದು ಯಾವ ಊರ ನ್ಯಾಯ ಸ್ವಾಮಿ?

ಆಗಬೇಕಾದ್ದೇನು?

ದಿಲ್ಲಿಯಲ್ಲಿ ಆಗಬೇಕಾದ್ದು ಒಂದು: 22ನೇ ಕಲಮಿನ ದಂಡ ಈ ಕಾಲಕ್ಕೆ ತಕ್ಕಂತೆ ಏರಬೇಕು. ವಾಟ್ಸಾಪ್, ಫೇಸ್‌ಬುಕ್ಕಿನಲ್ಲಿ ಹರಡುವುದೂ ಪ್ರಕಟಣೆಯೇ ಎಂದು ಕಾನೂನಿನಲ್ಲೇ ಬರೆಯಬೇಕು. ಜಿಲ್ಲೆಯ ಸಂಸದರು ಈ ಮಾತನ್ನು ಸಂಸತ್ತಿನಲ್ಲಿ ಎತ್ತಿದರೆ ಖರ್ಚೇನೂ ಇಲ್ಲ.

ಇಲ್ಲೇ ಆಗಬೇಕಾದ್ದು ಹೆಚ್ಚಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಭದ್ರಾವತಿಯಲ್ಲಿ ತಾಲ್ಲೂಕು ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. 15100ಕ್ಕೆ ಫೋನು ಮಾಡಿದರೆ ದಾರಿ ತೋರಿಸುತ್ತಾರೆ. ಈ ಸಂಖ್ಯೆ ಬಸ್ ನಿಲ್ದಾಣದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರಬೇಕು. ನೆರವು ಅಂದರೆ ವಕೀಲರನ್ನು ಕೊಟ್ಟು ಕೈ ತೊಳೆದುಕೊಳ್ಳುವುದಲ್ಲ. 63ನೇ ಕಲಮಿನ ಪ್ರಮಾಣಪತ್ರಕ್ಕೆ ಪರಿಣತರನ್ನೂ ಪ್ರಾಧಿಕಾರವೇ ಒದಗಿಸಬೇಕು, ಫೀಸೂ ಅದೇ ಕಟ್ಟಬೇಕು. ಇಲ್ಲದಿದ್ದರೆ ಸುಪ್ರೀಂ ಕೋರ್ಟಿನ ತೀರ್ಪು ಉಳ್ಳವರ ಕೈಯ ಕೋಲಾಗುತ್ತದೆ. ಶಿಬಿರಗಳನ್ನು ಸಭಾಂಗಣದಲ್ಲಿ ಹಾರ ತುರಾಯಿಗೆ ಮುಗಿಸದೆ ಬಸ್ ನಿಲ್ದಾಣಕ್ಕೆ, ಸಂತೆಗೆ ತರಬೇಕು. ವರ್ತಕರ ಸಂಘದವರೂ ಒಂದು ದಿನ ವಕೀಲರನ್ನು ಕರೆಸಿ ಹಾಡಿನ ಲೈಸೆನ್ಸಿನ ಗೊಂದಲ ಬಗೆಹರಿಸಿಕೊಳ್ಳಲಿ.

ಕೊನೆಗೆ ಜನರಿಗೆ ಒಂದು ಮಾತು. ಸಂಸಾರದಲ್ಲಿ ಹಿಂಸೆ ಇದ್ದರೆ ಸಾಕ್ಷ್ಯ ಇಟ್ಟುಕೊಳ್ಳುವುದು ತಪ್ಪಲ್ಲ. ಪೂರ್ತಿ ಇಟ್ಟುಕೊಳ್ಳಿ, ಕತ್ತರಿ ಹಾಕಬೇಡಿ, ಮೂಲ ಫೋನನ್ನು ಮಾರಬೇಡಿ, ನೇರ ವಕೀಲರ ಕೈಗೆ ಕೊಡಿ. ಮಾವನಿಗೆ ಬುದ್ಧಿ ಬರಲಿ, ನಾದಿನಿಗೆ ಗೊತ್ತಾಗಲಿ ಅಂತ ಗುಂಪಿಗೆ ಹಾಕಿದ ಗಳಿಗೆಯಲ್ಲೇ ನಿಮ್ಮ ಸಾಕ್ಷ್ಯ ನಿಮಗೇ ತಿರುಗುಬಾಣವಾಗುತ್ತದೆ. ಮಕ್ಕಳು ನಾಳೆ ದೊಡ್ಡವರಾಗಿ ಅದೇ ಫೋನಿನಲ್ಲಿ ಅಪ್ಪ ಅಮ್ಮನ ಬೈಗುಳ ಕೇಳಬೇಕಾಗುತ್ತದೆ. ತೀರ್ಪಿನ ಮೇಲೆ ಅಪೀಲು ಹೋಗಬಹುದು, ಹರಡಿದ ದನಿಯ ಮೇಲೆ ಅಪೀಲಿಲ್ಲ.

ಬಸ್ ನಿಲ್ದಾಣದ ಗೋಡೆಯ ಮೇಲೆ 15100 ಎಂದು ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ಅಷ್ಟನ್ನಾದರೂ ಸಂಬಂಧಪಟ್ಟವರು ಮಾಡುವರೇ?